ಮಡಿಕೇರಿಯ ಐದು ಸೆಂಟ್, ಕುಶಾಲನಗರದ ಮೂವತ್ತು ನಲವತ್ತು

ಮಡಿಕೇರಿಯಲ್ಲಿ ಹನ್ನೊಂದು ತಿಂಗಳು, ಕುಶಾಲನಗರದಲ್ಲಿ ಒಂದು ವರ್ಷ ಬಾಡಿಗೆಗಿದ್ದು ಎರಡೂ ಕಡೆ ಮನೆ ಹುಡುಕಿದೆವು. ನಡುವೆ ಇರೋದು ಸುಮಾರು 30 ಕಿಲೋಮೀಟರ್. ಆದರೆ ಬೆಲೆ ಹೇಳುವ ಭಾಷೆಯೇ ಬೇರೆ. ಮಡಿಕೇರಿಯಲ್ಲಿ ಸೆಂಟ್ ಲೆಕ್ಕ, ಕುಶಾಲನಗರದಲ್ಲಿ ಸೈಟ್ ಲೆಕ್ಕ. ಒಂದು ಸೆಂಟ್ ಅಂದರೆ 435.6 ಚದರ ಅಡಿ. 30×40 ಸೈಟ್ ಬರೀ ಎರಡೂಮುಕ್ಕಾಲು ಸೆಂಟ್. ಇದು ತಲೆಗೆ ಹತ್ತುವವರೆಗೆ ಬ್ರೋಕರ್ ಹೇಳಿದ್ದೆಲ್ಲ ಅಗ್ಗವಾಗಿಯೇ ಕೇಳಿಸುತ್ತಿತ್ತು.

ಮಡಿಕೇರಿಯಲ್ಲಿ ಐದು ಸೆಂಟ್ ಜಾಗದ ಹಳೇ ಹೆಂಚಿನ ಮನೆಗೆ 60 ಲಕ್ಷ ಹೇಳಿದರು. ಕುಶಾಲನಗರದಲ್ಲಿ 30×40ರಲ್ಲಿ ಎರಡು ಬೆಡ್‌ರೂಮಿನ ಆರ್‌ಸಿಸಿ ಮನೆಗೆ 58. ಜಾಗ ನೋಡಿದರೆ ಮಡಿಕೇರಿಯೇ ಲಾಭ ಅಂತ ನಾನು ಕುಣಿದೆ. ಟೇಪ್ ಹಿಡಿದು ಅಳೆದ ಮೇಲೆ ಗೊತ್ತಾಯಿತು, ಸಮತಟ್ಟು ಇರುವುದು ಎರಡೂವರೆ ಸೆಂಟ್. ಉಳಿದದ್ದು ಹಿಂದುಗಡೆಯ ಬರೆ, ಅಂದರೆ ಕಡಿದಾದ ಮಣ್ಣಿನ ಇಳಿಜಾರು. ಅಡುಗೆಮನೆ ಕಿಟಕಿ ತೆಗೆದರೆ ಎರಡು ಮಾರು ದೂರದಲ್ಲಿ ಕೆಂಪು ಮಣ್ಣು, ಅದರಿಂದ ಹೊರಗಿಣುಕುವ ಬೇರು. ತಡೆಗೋಡೆಗೆ ಎಂಟು ಲಕ್ಷವಾದರೂ ಬೇಕು ಎಂದರು ಮೇಸ್ತ್ರಿ. ಲಾರಿ ಆ ಏರಿಗೆ ಹತ್ತುವುದಿಲ್ಲ, ಮರಳು ಜಲ್ಲಿಯನ್ನೆಲ್ಲ ಕೆಳಗೆ ಸುರಿದು ಪಿಕಪ್‌ನಲ್ಲಿ ಸಾಗಿಸಬೇಕು. ಆ ಖರ್ಚು ಬೇರೆ. 2018ರ ಆಗಸ್ಟ್‌ನಲ್ಲಿ ಇಂದಿರಾ ನಗರ, ಚಾಮುಂಡೇಶ್ವರಿ ನಗರದ ಕಡೆ ಆದ ಭೂಕುಸಿತ ಕಂಡವರಿಗೆ ಬರೆ ಪಕ್ಕದ ಮನೆಯಲ್ಲಿ ನಿದ್ದೆ ಬರುವುದು ಕಷ್ಟ. ಮಳೆಗಾಲದ ಮಡಿಕೇರಿ ಹೇಗಿರುತ್ತದೆಂದು ಬಾಡಿಗೆ ಮನೆಯಲ್ಲೇ ಉಂಡಿದ್ದೇನೆ. ಬೀರುವಿನಲ್ಲಿಟ್ಟ ಮದುವೆ ಕೋಟಿಗೆ ಬೂಷ್ಟು ಹಿಡಿದಿತ್ತು.

ಹಾಗಂತ ಕುಶಾಲನಗರ ನಿಶ್ಚಿಂತೆಯೂ ಅಲ್ಲ. ಬಿಸಿಲು ಬರುತ್ತದೆ, ಬಟ್ಟೆ ಒಣಗುತ್ತದೆ, ಮೈಸೂರು ಹತ್ತಿರ. ಆದರೆ 2018, 2019ರಲ್ಲಿ ಕಾವೇರಿ ಉಕ್ಕಿ, ಸಾಯಿ ಬಡಾವಣೆ, ಕುವೆಂಪು ಬಡಾವಣೆಗಳ ಮನೆಯೊಳಗೇ ಬಂದಿದ್ದಳು. ನಾವು ನೋಡಿದ ಒಂದು ಮನೆಗೆ ಹೊಸ ಬಣ್ಣ ಹೊಡೆದಿದ್ದರು. ಮೀಟರ್ ಬೋರ್ಡ್ ಮಾತ್ರ ಎದೆಮಟ್ಟದಿಂದ ಸೂರಿನ ಹತ್ತಿರಕ್ಕೆ ಏರಿತ್ತು. ಯಾಕೆ ಅಂತ ಕೇಳಿದ್ದಕ್ಕೆ ‘ಮಕ್ಕಳ ಕೈಗೆ ಸಿಗಬಾರದು ಅಂತ’ ಎಂಬ ಉತ್ತರ ಬಂತು. ಅಲ್ಲಿಂದ ಮುಂದೆ ನಾನು ಗೋಡೆ ಬಿಟ್ಟು ಸ್ವಿಚ್ಚುಗಳ ಎತ್ತರ ನೋಡಲು ಶುರು ಮಾಡಿದೆ.

ಸೇತುವೆ ದಾಟಿದರೆ ಕೊಪ್ಪದಲ್ಲಿ ಇನ್ನೂ ಕಮ್ಮಿಗೆ ಕೊಡಿಸ್ತೀನಿ ಎಂದ ಬ್ರೋಕರ್. ಅದು ಪಿರಿಯಾಪಟ್ಟಣ ತಾಲ್ಲೂಕು, ಮೈಸೂರು ಜಿಲ್ಲೆ. ಹೊಳೆ ದಾಟಿ ಜಿಲ್ಲೆ ಬಿಡಲ್ಲ ಎಂದಳು ಹೆಂಡತಿ, ಆ ಮಾತು ಅಲ್ಲಿಗೇ ಮುಗಿಯಿತು. ನೋಂದಣಿ ಖರ್ಚಿನಲ್ಲಿ ಎಲ್ಲೂ ದೊಡ್ಡ ವ್ಯತ್ಯಾಸವಿಲ್ಲ: 45 ಲಕ್ಷ ದಾಟಿದರೆ ಮುದ್ರಾಂಕ ಶುಲ್ಕ ಶೇ 5, 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ 2.

ತಡೆಗೋಡೆ ಸೇರಿಸಿದರೆ ಮಡಿಕೇರಿ ಮನೆ 68 ಲಕ್ಷ, ಮೇಲೆ ರಿಪೇರಿ. ನನ್ನ ಓಟು ಕುಶಾಲನಗರಕ್ಕೆ, ಹೊಳೆಯಿಂದ ದೂರ, ತುಸು ಎತ್ತರದಲ್ಲಿರುವ ಆ 58 ಲಕ್ಷದ ಮನೆಗೆ. 54ಕ್ಕೆ ಕೇಳಿದ್ದೇನೆ. ಮಾಲೀಕರು ‘ಮಳೆ ಬಿಟ್ಟ ಮೇಲೆ ಬನ್ನಿ, ಕೂತು ಮಾತಾಡೋಣ’ ಎಂದರು. ಇಲ್ಲ, ಮಳೆ ಜೋರಿರುವ ಕಕ್ಕಡ ತಿಂಗಳಲ್ಲೇ ಬರ್ತೀನಿ ಎಂದೆ.