ಮೊಬೈಲಿಗೆ ಸಿಕ್ಕಿಸುವ ಗೇಮ್ ಕಂಟ್ರೋಲರ್: ಯಾರಿಗೆ ಬೇಕು, ಯಾರಿಗೆ ಬೇಡ

ನೀವು ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಅನ್ನುವ ಗುಂಡು ಹೊಡೆಯುವ ಆಟ) ಒಂದನ್ನೇ ಆಡುವವರಾದರೆ ಬಟನ್, ಸ್ಟಿಕ್ ಇರುವ ಈ ಕಂಟ್ರೋಲರನ್ನು ಕೊಳ್ಳಬೇಡಿ. ನಿಮ್ಮ ಮಟ್ಟಿಗೆ ರಿವ್ಯೂ ಇಲ್ಲಿಗೇ ಮುಗಿಯಿತು. ಆ ಆಟ ಕಂಟ್ರೋಲರನ್ನು ಒಪ್ಪುವುದೇ ಇಲ್ಲ. "ಮ್ಯಾಪಿಂಗ್ ಆಪ್ ಹಾಕಿದ್ರೆ ಆಗುತ್ತೆ ಬಾಸ್" ಅಂತ ಅಂಗಡಿಯವರು ಹೇಳೇ ಹೇಳುತ್ತಾರೆ. ಆ ಆಪ್ ಏನು ಮಾಡುತ್ತದೆ ಅಂದರೆ, ನೀವು ಬಟನ್ ಒತ್ತಿದಾಗ ಸ್ಕ್ರೀನಿನ ಆ ಜಾಗವನ್ನು ಬೆರಳು ಮುಟ್ಟಿತು ಅಂತ ಆಟವನ್ನು ನಂಬಿಸುತ್ತದೆ. ಕೆಲಸವೇನೋ ಆಗಬಹುದು, ಆದರೆ ಸಿಕ್ಕಿಬಿದ್ದರೆ ಐಡಿ ಬ್ಯಾನ್ ಆಗಬಹುದು. ವರ್ಷಗಟ್ಟಲೆ ಕೂಡಿಸಿದ ಸ್ಕಿನ್ನುಗಳು (ಆಟದವನ ವೇಷ, ಬಂದೂಕಿನ ಬಣ್ಣ ಇಂಥವು) ಹೋದ ಮೇಲೆ ಕಂಟ್ರೋಲರ್ ಇಟ್ಟುಕೊಂಡು ಏನು ಮಾಡುತ್ತೀರಿ? ನಮ್ಮ ಅಣ್ಣನ ಮಗ ಕೇಳಿದ್ದೂ ಇದನ್ನೇ: "ಚಿಕ್ಕಪ್ಪಾ, ಬಿಜಿಎಂಐ ಬರಲ್ಲ ಅಂದ್ಮೇಲೆ ಇದನ್ಯಾಕೆ ತಗೊಂಡ್ರಿ?"

ಯಾಕೆ ಅಂದರೆ ನಾನು ಅದನ್ನು ಆಡುವುದಿಲ್ಲ.

ಉಳಿದವರಿಗೆ ಮಾತ್ರ ಈಗ ಹೇಳುತ್ತೇನೆ. ಮಾರ್ಕೆಟ್ಟಿನಲ್ಲಿ ಎರಡು ಜಾತಿ ಇದೆ. ಒಂದು, ಬರೀ ಕ್ಲಿಪ್. ಮನೆಯಲ್ಲಿ ಈಗಾಗಲೇ ಎಕ್ಸ್‌ಬಾಕ್ಸ್ ಅಥವಾ ಪ್ಲೇಸ್ಟೇಷನ್ ಕಂಟ್ರೋಲರ್ ಇದ್ದರೆ ಅದರ ನೆತ್ತಿಗೆ ಕ್ಲಿಪ್ ಸಿಕ್ಕಿಸಿ, ಕ್ಲಿಪ್ಪಿನ ಬಾಯಿಗೆ ಫೋನ್ ಕೊಟ್ಟು, ಬ್ಲೂಟೂತ್‌ನಲ್ಲಿ ಜೋಡಿಸಿಕೊಂಡು ಆಡುವುದು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ ಎಸ್‌ಪಿ ರೋಡ್‌ನಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಇನ್ನೊಂದು, ನಡುವೆ ಎಳೆದರೆ ಹಿಗ್ಗುವ ಜಾತಿ. ಫೋನನ್ನು ಅಡ್ಡ ಹಿಡಿದರೆ ಎಡಕ್ಕೆ ಅರ್ಧ ಕಂಟ್ರೋಲರ್, ಬಲಕ್ಕೆ ಅರ್ಧ. ಫೋನಿನ ಚಾರ್ಜಿಂಗ್ ಬಾಯಿಗೇ ನೇರವಾಗಿ ಟೈಪ್-ಸಿ ಪಿನ್ ಕೂರುತ್ತದೆ. ಇದಕ್ಕೆ ಸಾವಿರಗಳಲ್ಲಿ ಎಣಿಸಬೇಕು. ನನ್ನ ಹತ್ತಿರ ಎರಡೂ ಇವೆ.

ಕ್ಲಿಪ್ಪಿನ ತೊಂದರೆ ತೂಕ. ಎಕ್ಸ್‌ಬಾಕ್ಸ್ ಕಂಟ್ರೋಲರ್ ಬ್ಯಾಟರಿ ಸೇರಿ 287 ಗ್ರಾಂ. ಈಗಿನ ಫೋನುಗಳು ಸುಮಾರು 200 ಗ್ರಾಂ. ಎರಡೂ ಸೇರಿದರೆ ಅರ್ಧ ಕೆಜಿ ಹತ್ತಿರ. ಅದರಲ್ಲೂ ಫೋನಿನ ಭಾರವೆಲ್ಲ ಮೇಲೆ, ನಿಮ್ಮ ಕೈ ಕೆಳಗೆ. ಕೋನ ಒಂಚೂರು ತಪ್ಪಿದರೆ ಇಡೀ ಸಾಮಾನು ಹಿಂದಕ್ಕೆ ವಾಲುತ್ತದೆ. ಮಣಿಕಟ್ಟು ನೋಯುತ್ತದೆ. ಮೊಣಕೈ ಊರುವುದಕ್ಕೆ ಮೇಜೋ ದಿಂಬೋ ಇದ್ದರೆ ಪರವಾಗಿಲ್ಲ, ಮಲಗಿಕೊಂಡು ಆಡುತ್ತೇನೆ ಅಂದರೆ ಒಂದಲ್ಲ ಒಂದು ದಿನ ಫೋನ್ ಮೂಗಿನ ಮೇಲೆ ಬೀಳುವುದು ಗ್ಯಾರಂಟಿ. ಆದರೆ ಬಟನ್, ಹೆಬ್ಬೆರಳಿನಲ್ಲಿ ತಿರುಗಿಸುವ ಸ್ಟಿಕ್, ತೋರುಬೆರಳಿನಲ್ಲಿ ಒತ್ತುವ ಟ್ರಿಗರ್ ಎಲ್ಲ ಅಸಲಿ ಕಂಟ್ರೋಲರಿನದೇ ಅಲ್ವಾ, ಆ ಹಿಡಿತ ಅಗ್ಗದ ಹಿಗ್ಗುವ ಜಾತಿಗೆ ಯಾವತ್ತೂ ಬರುವುದಿಲ್ಲ. ಬರೀ ಕ್ಲಿಪ್ಪಿನ ದುಡ್ಡಿಗೆ ಇಷ್ಟು ಸಿಕ್ಕರೆ ಅದೇ ಜಾಸ್ತಿ.

ಹಿಗ್ಗುವ ಜಾತಿಯಲ್ಲಿ ಭಾರ ಎರಡೂ ಕೈಗೆ ಸಮ ಹಂಚಿಹೋಗುತ್ತದೆ. ಮಲಗಿದರೂ ಸರಿ, ಕೂತರೂ ಸರಿ. ಪಿನ್ ನೇರ ಚುಚ್ಚಿರುವುದರಿಂದ ಬ್ಲೂಟೂತ್ ಜೋಡಿಸುವ ರಗಳೆ ಇಲ್ಲ, ಒತ್ತಿದ್ದಕ್ಕೂ ಆಟದಲ್ಲಿ ಆಗುವುದಕ್ಕೂ ನಡುವಿನ ತಡವೂ ಕಡಿಮೆ. ನನ್ನದರಲ್ಲಿ ಒಳಗೆ ಬ್ಯಾಟರಿ ಇಲ್ಲ, ಫೋನಿನಿಂದಲೇ ಕರೆಂಟ್ ತಗೊಳ್ಳುತ್ತದೆ. ಹಾಗಾಗಿ ಇನ್ನೊಂದು ಚಾರ್ಜ್ ಮಾಡುವ ತಲೆನೋವು ತಪ್ಪಿತು.

ಈ ಖುಷಿಯ ನಡುವೆ ಯಾರೂ ಹೇಳದ ಸಣ್ಣಪುಟ್ಟ ಕಿರಿಕಿರಿಗಳು ಇವೆ. ಫೋನಿನ ಕವರ್ ತೆಗೆಯಲೇಬೇಕು, ಇಲ್ಲದಿದ್ದರೆ ಪಿನ್ ಪೂರ್ತಿ ಒಳಗೆ ಹೋಗಲ್ಲ. ದಿನಾ ಕವರ್ ತೆಗೆದು ಹಾಕಿ, ತೆಗೆದು ಹಾಕಿ, ನನ್ನ ಕವರಿನ ಮೂಲೆಯೇ ಸಡಿಲವಾಗಿದೆ. ಈಗಿನ ಫೋನುಗಳ ಕ್ಯಾಮೆರಾ ಹಿಂದೆ ಗುಡ್ಡದ ಹಾಗೆ ಎದ್ದಿರುತ್ತದೆ, ಅದು ಕಂಟ್ರೋಲರಿನ ಬೆನ್ನಿಗೆ ತಾಗಿದರೆ ಫೋನ್ ಒಂದು ಕಡೆ ಎದ್ದುಕೊಂಡು ಪಿನ್ನಿನ ಮೇಲೆ ಒತ್ತಡ ಬೀಳುತ್ತದೆ. ಪಿನ್ ಅಲುಗಾಡುವ ಹಾಗೆ ಮಾಡಿರುವ ಮಾಡೆಲ್ ಆದರೆ ಒಳ್ಳೆಯದು. ಗೇಮ್‌ಸರ್‌ನವರ ಕೆಲವು ಮಾಡೆಲ್‌ಗಳಲ್ಲಿ ಹಾಗಿದೆ, ಪಿನ್ ಸ್ವಲ್ಪ ಓರೆಯಾಗುತ್ತದೆ, ಫೋನನ್ನು ಬಗ್ಗಿಸಿ ಕೂರಿಸಬಹುದು.

ಒಪ್ಪೋ, ರಿಯಲ್‌ಮಿ, ಒನ್‌ಪ್ಲಸ್ ಫೋನ್ ಇರುವವರು ಗಮನಿಸಿ. ಇವುಗಳಲ್ಲಿ ಹಲವಕ್ಕೆ ಸೆಟ್ಟಿಂಗ್ಸ್‌ನಲ್ಲಿ ಒಟಿಜಿ ಅಂತ ಒಂದು ಸ್ವಿಚ್ ಇರುತ್ತದೆ, ಚಾರ್ಜಿಂಗ್ ಬಾಯಿಗೆ ಬೇರೆ ಸಾಮಾನು ಸಿಕ್ಕಿಸಿ ಬಳಸಲು ಬಿಡುವುದು ಅದೇ. ಅದು ಆನ್ ಇಲ್ಲದಿದ್ದರೆ ಕಂಟ್ರೋಲರ್ ಸತ್ತ ಹಾಗೆ ಇರುತ್ತದೆ. 10 ನಿಮಿಷ ಏನೂ ಸಿಕ್ಕಿಸದೆ ಬಿಟ್ಟರೆ ಅದು ತಾನೇ ಆಫ್ ಆಗುತ್ತದೆ, ಮತ್ತೆ ಹೋಗಿ ಒತ್ತಬೇಕು. ಸಾಮಾನು ಕೆಟ್ಟಿದೆ ಅಂತ ವಾಪಸ್ ಕಳಿಸುವ ಮುಂಚೆ ಇದನ್ನು ನೋಡಿ.

ಸೌಂಡ್ ಇನ್ನೊಂದು ತಲೆನೋವು. ಚಾರ್ಜಿಂಗ್ ಬಾಯಿ ಕಂಟ್ರೋಲರಿಗೆ ಹೋಯಿತು. ವೈರ್ ಇಯರ್‌ಫೋನ್ ಎಲ್ಲಿಗೆ ಹಾಕುತ್ತೀರಿ? ಬ್ಯಾಕ್‌ಬೋನ್ ಒನ್, ಗೇಮ್‌ಸರ್ ಜಿ8 ಇಂಥವುಗಳಲ್ಲಿ ಕಂಟ್ರೋಲರಿಗೇ 3.5 ಎಂಎಂ ಜಾಕ್ ಕೊಟ್ಟಿದ್ದಾರೆ. ರೇಜರ್ ಕಿಶಿ ವಿ2ನಲ್ಲಿ ಅದೂ ಇಲ್ಲ. ನನ್ನದರಲ್ಲೂ ಇಲ್ಲ. ಬ್ಲೂಟೂತ್ ಇಯರ್‌ಬಡ್ಸ್ ಹಾಕಿದರೆ ಗುಂಡು ಹೊಡೆದು ಆದ ಮೇಲೆ ಸದ್ದು ಬರುತ್ತದೆ. ಕತೆ ಇರುವ ಆಟಗಳಿಗೆ ನಡೆಯುತ್ತದೆ, ಶೂಟಿಂಗ್‌ಗೆ ಸಿಟ್ಟು ಬರುತ್ತದೆ.

ಇನ್ನು ಸ್ಟಿಕ್. ನನ್ನ ಹಿಗ್ಗುವ ಕಂಟ್ರೋಲರ್ ಆನ್‌ಲೈನಿನಲ್ಲಿ ಸಿಕ್ಕ, ಹೆಸರು ಹೇಳುವಂಥದ್ದೇನಲ್ಲದ ಅಗ್ಗದ ಕಂಪನಿಯದು. ವರ್ಷ ತುಂಬುವ ಮುಂಚೆಯೇ ಎಡಗಡೆಯ ಸ್ಟಿಕ್ ಮುಟ್ಟದೇ ಇದ್ದರೂ ಆಟದವನು ನಿಧಾನಕ್ಕೆ ಎಡಕ್ಕೆ ನಡೆಯಲು ಶುರು ಮಾಡಿದ. ಇದಕ್ಕೆ ಡ್ರಿಫ್ಟ್ ಅನ್ನುತ್ತಾರೆ. ಹಳೆಯ ಬಗೆಯ ಸ್ಟಿಕ್ಕಿನ ಒಳಗೆ ಒಂದು ಪಟ್ಟಿಯ ಮೇಲೆ ಲೋಹದ ಚೂರು ಉಜ್ಜುತ್ತಾ ಇರುತ್ತದೆ, ಪಟ್ಟಿ ಸವೆದರೆ ಸ್ಟಿಕ್ ನಡುವೆ ನಿಂತಿದ್ದರೂ ಫೋನಿಗೆ ಬೇರೇನೋ ಹೇಳುತ್ತದೆ. ಹಾಲ್ ಎಫೆಕ್ಟ್ ಸ್ಟಿಕ್‌ಗಳಲ್ಲಿ ಆಯಸ್ಕಾಂತ ಮತ್ತು ಸೆನ್ಸರ್ ಇರುತ್ತದೆ, ಒಂದಕ್ಕೊಂದು ತಾಗುವುದೇ ಇಲ್ಲ, ಹಾಗಾಗಿ ಆ ಥರ ಸವೆಯುವುದಿಲ್ಲ. ಡಬ್ಬದ ಮೇಲೆ ಹಾಲ್ ಎಫೆಕ್ಟ್ ಅನ್ನುವ ಮಾತು ಇಲ್ಲದಿದ್ದರೆ ಸುಮ್ನೆ ಮುಂದಕ್ಕೆ ಹೋಗಿ. ಬೆಲೆ ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ, ಇದೊಂದರಲ್ಲಿ ಚೌಕಾಸಿ ಬೇಡ.

ಸರಿ, ಏನು ಆಡುವುದು? ಇದೇ ಮುಖ್ಯ. ದುಡ್ಡು ಹಾಕುವ ಮುಂಚೆ ನೀವು ಆಡುವ ಆಟಗಳ ಹೆಸರು ಬರೆದುಕೊಂಡು ಒಂದೊಂದಾಗಿ ಕಂಟ್ರೋಲರ್ ಒಪ್ಪುತ್ತದಾ ಅಂತ ನೋಡಿ, ಯಾಕಂದರೆ ಎಷ್ಟು ಸಾವಿರದ ಕಂಟ್ರೋಲರ್ ತಂದರೂ ಆಟ ಒಪ್ಪದಿದ್ದರೆ ಅದು ಬರೀ ಫೋನ್ ಹಿಡಿಯುವ ಸ್ಟ್ಯಾಂಡ್. ಕಾಲ್ ಆಫ್ ಡ್ಯೂಟಿ ಮೊಬೈಲ್ ಒಪ್ಪುತ್ತದೆ, ಅದರಲ್ಲೂ ಕಂಟ್ರೋಲರ್ ಹಿಡಿದವರನ್ನು ಕಂಟ್ರೋಲರ್ ಹಿಡಿದವರ ಜೊತೆಗೇ ಹಾಕುತ್ತದೆ, ಇದು ನ್ಯಾಯ. ಮೈನ್‌ಕ್ರಾಫ್ಟ್, ಸ್ಟಾರ್‌ಡ್ಯೂ ವ್ಯಾಲಿ, ಡೆಡ್ ಸೆಲ್ಸ್, ಆಸ್ಫಾಲ್ಟ್ ಎಲ್ಲ ಸಲೀಸು. 2013ರಲ್ಲಿ ಮೊಬೈಲಿಗೆ ಬಂದ ಜಿಟಿಎ ಸ್ಯಾನ್ ಆಂಡ್ರಿಯಾಸ್ ಅಂತೂ ಕಂಟ್ರೋಲರ್ ಇಲ್ಲದೆ ಆಡುವುದೇ ಶಿಕ್ಷೆ. ಸ್ಕ್ರೀನಿನ ಅರ್ಧ ಭಾಗ ನಮ್ಮ ಹೆಬ್ಬೆರಳೇ ಮುಚ್ಚಿರುತ್ತದೆ, ರಸ್ತೆ ಎಲ್ಲಿ ಕಾಣಬೇಕು? ಸೈಬರ್ ಸೆಂಟರಿನಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಅದನ್ನು ಆಡಿದ ವಯಸ್ಸಿನವರಿಗೆ ಹೇಳಬೇಕಾಗಿಲ್ಲ.

ನನಗೆ ದುಡ್ಡು ವಸೂಲಾಗಿದ್ದು ಪಿಪಿಎಸ್‌ಎಸ್‌ಪಿಪಿಯಿಂದ. ಸೋನಿಯವರ ಕೈಯಲ್ಲಿ ಹಿಡಿದು ಆಡುವ ಹಳೆಯ ಸಾಧನ ಪಿಎಸ್‌ಪಿಯ ಆಟಗಳನ್ನು ಫೋನಿನಲ್ಲಿ ಓಡಿಸುವ ಆಪ್ ಇದು. ಆ ಆಟಗಳು ಬಟನ್‌ಗಾಗಿಯೇ ಹುಟ್ಟಿದವು, ಗಾಜಿನ ಮೇಲೆ ಅವುಗಳ ಮಜಾ ಅರ್ಧವೂ ಸಿಗಲ್ಲ. ಮನೆಯಲ್ಲಿ ಪಿಎಸ್5 (ಪ್ಲೇಸ್ಟೇಷನ್ 5) ಇದ್ದು ಟಿವಿಯಲ್ಲಿ ಸೀರಿಯಲ್ ನಡೆಯುತ್ತಿದ್ದರೆ ಅದರ ಆಟವನ್ನು ನೆಟ್ ಮೂಲಕ ಫೋನಿನಲ್ಲಿ ಆಡಿಸುವ ರಿಮೋಟ್ ಪ್ಲೇ ಇದೆ. ಅದಕ್ಕೆ ಕಡಿಮೆ ಅಂದರೂ 5 ಎಂಬಿಪಿಎಸ್ ನೆಟ್ ವೇಗ ಬೇಕು, 15 ಇದ್ದರೆ ಚೆನ್ನ ಅಂತ ಸೋನಿಯವರೇ ಹೇಳುತ್ತಾರೆ.

ಮೆಟ್ರೋದಲ್ಲಿ ಆಡಬಹುದಾ? ಸೀಟು ಸಿಕ್ಕರೆ ಆಡಬಹುದು. ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ನೇರಳೆ ಲೈನ್ 43 ಕಿಲೋಮೀಟರ್ ಇದೆ, ಸಮಯಕ್ಕೆ ಬರ ಇಲ್ಲ. ಆಫ್‌ಲೈನ್ ಆಟ ಇಟ್ಟುಕೊಳ್ಳಿ, ಕಬ್ಬನ್ ಪಾರ್ಕ್ ಹತ್ತಿರ ಸುರಂಗಕ್ಕೆ ಇಳಿದ ಮೇಲೆ ನೆಟ್‌ವರ್ಕ್ ನಂಬುವ ಹಾಗಿಲ್ಲ. ಫೋನ್ ಬಂದರೆ ಇಡೀ ಸಾಮಾನನ್ನು ಕಿವಿಗೆ ಹಿಡಿಯಬೇಕು, ಪಕ್ಕದವರು ನಗುತ್ತಾರೆ. ನಿಂತುಕೊಂಡು ಆಡುವ ಆಸೆ ಬೇಡ, ಕಂಬ ಹಿಡಿಯುವುದಕ್ಕೆ ಮೂರನೇ ಕೈ ಬೇಕಾಗುತ್ತದೆ. ಬಿಎಂಟಿಸಿ ಬಸ್ಸಿನಲ್ಲಂತೂ ಬೇಡವೇ ಬೇಡ, ಒಂದು ಹಂಪ್ ಸಾಕು.

ಕೊಳ್ಳುವುದಾದರೆ ಕ್ಲಿಪ್ಪಿಗೆ ಎಸ್‌ಪಿ ರೋಡ್ ಸಾಕು, ಚಿಕ್ಕಪೇಟೆ ಮೆಟ್ರೋ ಸ್ಟೇಷನ್ನಿನಿಂದ ನಡೆದುಕೊಂಡೇ ಹೋಗಬಹುದು. ನಿಮ್ಮ ಕಂಟ್ರೋಲರನ್ನು ಜೊತೆಗೆ ತಗೊಂಡು ಹೋಗಿ, ಯಾಕಂದರೆ ಎಕ್ಸ್‌ಬಾಕ್ಸಿನ ಕ್ಲಿಪ್ ಪ್ಲೇಸ್ಟೇಷನ್ನಿಗೆ ಕೂರುವುದಿಲ್ಲ, "ಎಲ್ಲಕ್ಕೂ ಆಗುತ್ತೆ" ಅನ್ನುವುದು ಅಂಗಡಿಯ ಮಾತು. ಹಿಗ್ಗುವ ಜಾತಿಯನ್ನು ವಾರಂಟಿ ಇರುವ ಕಡೆಯೇ ತಗೊಳ್ಳಿ. ಅಂಗಡಿಯಲ್ಲೇ ಕೊಳ್ಳುವುದಾದರೆ ಗೇಮ್‌ಪ್ಯಾಡ್ ಟೆಸ್ಟರ್ ಅಂತ ಒಂದು ಉಚಿತ ಆಪ್ ಹಾಕಿಕೊಂಡು ಹೋಗಿ. ಸಿಕ್ಕಿಸಿ, ಕೈ ಬಿಟ್ಟು, ಸ್ಟಿಕ್ಕಿನ ಚುಕ್ಕಿ ನಡುವೆಯೇ ನಿಲ್ಲುತ್ತದಾ ನೋಡಿ. ನಿಲ್ಲದಿದ್ದರೆ ಬೇರೆ ಡಬ್ಬ ಒಡೆಸಿ, ಬಿಲ್ ಹಾಕಿಸುವುದು ಆಮೇಲೆ.