ಒಂದೇ ಸ್ಕ್ರೀನ್, ಮೂರು ಸರದಿ: ಅಬಾಪ್‌ನಲ್ಲಿ ಫೀಲ್ಡ್ ಚೆಕ್

ಎಸ್‌ಎಪಿ ಸಾಫ್ಟ್‌ವೇರ್‌ನ ಅಬಾಪ್ ಭಾಷೆಯಲ್ಲಿ ಬರೆದ ಒಂದು ಹಳೇ ಡೈನ್‌ಪ್ರೋ (ಡೇಟಾ ತುಂಬುವ) ಸ್ಕ್ರೀನ್ ಸರಿಮಾಡುವ ಕೆಲಸ ನನ್ನ ಪಾಲಿಗೆ ಬಂತು. ಇದ್ದದ್ದು ಐದೇ ಫೀಲ್ಡ್: ಮೆಟೀರಿಯಲ್, ಪ್ಲಾಂಟ್ (ಕಾರ್ಖಾನೆ), ಕ್ವಾಂಟಿಟಿ, ಯೂನಿಟ್, ಡೆಲಿವರಿ ತಾರೀಖು. ಎಂಟರ್ ಒತ್ತಿದಾಗ ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಆಮೇಲೆ? ಅದೇ ತಲೆನೋವು. ಹಟಕ್ಕೆ ಬಿದ್ದು ಮೂರು ರೀತಿಯಲ್ಲಿ ಬರೆದು ನೋಡಿದೆ.

ಮೊದಲು ಸೋಮಾರಿಯ ದಾರಿ. ಪಿಎಐನಲ್ಲಿ, ಅಂದರೆ ಎಂಟರ್ ಒತ್ತಿದ ಮೇಲೆ ಓಡುವ ಭಾಗದಲ್ಲಿ, ಒಂದೇ ಮಾಡ್ಯೂಲ್ (ಕೋಡಿನ ತುಂಡು), ಎಲ್ಲ ಚೆಕ್ಕೂ ಅದರೊಳಗೆ. ಎಲ್ಲ ಫೀಲ್ಡ್‌ಗಳ ವ್ಯಾಲ್ಯೂವೂ ಮೊದಲೇ ಪ್ರೋಗ್ರಾಂಗೆ ಬಂದಿರುತ್ತದೆ, ಯಾವ ಸರದಿ ಬೇಕೋ ಇಫ್ ಹಾಕಿ ಬರೆದುಕೊಂಡರಾಯಿತು. ಓದುವುದಕ್ಕೂ ಸುಲಭ. ಆದರೆ ಇ ಟೈಪ್ (ಎರರ್) ಮೆಸೇಜ್ ಬಂದ ಕೂಡಲೇ ಸ್ಕ್ರೀನ್ ಪೂರ್ತಿ ಬೂದು ಬಣ್ಣ. ಯಾವ ಫೀಲ್ಡ್ ತಪ್ಪು ಅಂತ ಸಿಸ್ಟಮ್‌ಗೆ ಗೊತ್ತೇ ಇಲ್ಲವಲ್ಲ, ಯಾವುದನ್ನೂ ತಿದ್ದಲು ತೆರೆಯುವುದಿಲ್ಲ. ಎಸ್ ಟೈಪ್ (ಬರೀ ಸ್ಟೇಟಸ್) ಮೆಸೇಜನ್ನು ಇ ತರಹ ತೋರಿಸಿ ಲೀವ್ ಸ್ಕ್ರೀನ್ ಹಾಕಿದರೆ ಎಲ್ಲ ಫೀಲ್ಡೂ ತೆರೆದ ಸ್ಕ್ರೀನ್ ಮತ್ತೆ ಬಂದು ಬಚಾವಾಗಬಹುದು. ನಾನೂ ಹಾಕಿದ್ದೇನೆ. ಹಾಕಿದ ಮೇಲೆ ಹೆಮ್ಮೆಯೇನೂ ಆಗಲಿಲ್ಲ.

ಎರಡನೆಯದು, ಪಿಎಐನಲ್ಲಿ ಪ್ರತಿ ಫೀಲ್ಡ್‌ಗೂ ಅದರದೇ ಫೀಲ್ಡ್ (FIELD) ಸಾಲು, ಅದರದೇ ಮಾಡ್ಯೂಲ್. ತಪ್ಪಾದರೆ ಆ ಒಂದು ಫೀಲ್ಡ್ ಮಾತ್ರ ತೆರೆಯುತ್ತದೆ, ಕರ್ಸರ್ ಅಲ್ಲೇ ಹೋಗಿ ನಿಲ್ಲುತ್ತದೆ. ನೋಡಲು ಚೆಂದ. ನಾನು ಸರಿಯಾಗಿ ಬಿದ್ದದ್ದೂ ಇಲ್ಲೇ.

ಮೆಟೀರಿಯಲ್ ಸಾಲು ಮೇಲೆ, ಪ್ಲಾಂಟ್ ಸಾಲು ಕೆಳಗೆ ಇಟ್ಟಿದ್ದೆ. ಈ ಮೆಟೀರಿಯಲ್ ಆ ಪ್ಲಾಂಟ್‌ನಲ್ಲಿ ಇದೆಯಾ ಅನ್ನುವ ಚೆಕ್ಕು ಮೆಟೀರಿಯಲ್ ಮಾಡ್ಯೂಲ್‌ನಲ್ಲಿತ್ತು. ಎರಡೂ ಸರಿಯಾಗಿಯೇ ಟೈಪ್ ಮಾಡಿದೆ. "ಈ ಪ್ಲಾಂಟ್‌ನಲ್ಲಿ ಮೆಟೀರಿಯಲ್ ಇಲ್ಲ" ಅಂತು. ಮತ್ತೆ ಎಂಟರ್, ಮತ್ತೆ ಅದೇ ಮಾತು. ಡೀಬಗರ್‌ನಲ್ಲಿ ನೋಡಿದರೆ ಪ್ಲಾಂಟ್ ಖಾಲಿ! ಫೀಲ್ಡ್ ಸಾಲಿನಲ್ಲಿ ಹೆಸರಿರುವ ಫೀಲ್ಡ್‌ನ ವ್ಯಾಲ್ಯೂ ಪ್ರೋಗ್ರಾಂಗೆ ಬರುವುದು ಆ ಸಾಲು ಓಡಿದಾಗ ಮಾತ್ರ. ಕಣ್ಣೆದುರು ಪ್ಲಾಂಟ್ ಕಾಣುತ್ತಿದೆ, ಪ್ರೋಗ್ರಾಂಗೆ ಅದು ಇನ್ನೂ ತಲುಪಿಲ್ಲ. ಮೆಟೀರಿಯಲ್ ದಾಟದೆ ಅದರ ಸರದಿ ಬರುವುದೇ ಇಲ್ಲ. ಅರ್ಧ ದಿನ ಮಾಸ್ಟರ್ ಡೇಟಾವನ್ನು (ಮೆಟೀರಿಯಲ್, ಪ್ಲಾಂಟ್‌ಗಳ ಮೂಲ ದಾಖಲೆಯನ್ನು) ಸುಮ್ನೆ ಬೈದುಕೊಂಡಿದ್ದೆ, ತಪ್ಪು ನನ್ನದೇ. ಈ ದಾರಿಯಲ್ಲಿ ಸಾಲುಗಳ ಕ್ರಮವೇ ಸರದಿ.

ಮೂರನೆಯದು ಚೈನ್, ಅಂದರೆ ಕೆಲವು ಫೀಲ್ಡ್ ಸಾಲುಗಳನ್ನು ಒಟ್ಟಿಗೆ ಕಟ್ಟುವುದು. ಮೆಟೀರಿಯಲ್, ಪ್ಲಾಂಟ್ ಎರಡನ್ನೂ ಒಂದು ಚೈನ್‌ನೊಳಗೆ ಹಾಕಿ, ಎರಡರ ಕೆಳಗೆ ಒಂದೇ ಮಾಡ್ಯೂಲ್ ಕರೆದೆ. ಚೆಕ್ ಓಡುವ ಹೊತ್ತಿಗೆ ಎರಡೂ ವ್ಯಾಲ್ಯೂ ಕೈಯಲ್ಲಿರುತ್ತವೆ. ತಪ್ಪಾದರೆ ಎರಡೂ ತೆರೆಯುತ್ತವೆ, ಯಾವುದನ್ನು ಬೇಕಾದರೂ ತಿದ್ದಬಹುದು. ಖುಷಿಯಲ್ಲಿ ಐದೂ ಫೀಲ್ಡನ್ನು ಒಂದೇ ಚೈನ್‌ಗೆ ತುಂಬಿದೆ. ಜಾಸ್ತಿ ಆಯಿತು. ತಾರೀಖು ತಪ್ಪಾದರೂ ಐದೂ ತೆರೆದುಕೊಂಡು ಕೂತವು. ಹಾಗಾದರೆ ಮೊದಲ ದಾರಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ಏನುಳಿಯಿತು, ಅಲ್ವಾ?

ಕ್ಯಾನ್ಸಲ್ ಬಟನ್‌ಗೆ ಈ ಯಾವ ಸರದಿಯೂ ತಗಲಬಾರದು. ಅದಕ್ಕೆ ಇ (ಇಲ್ಲಿ ಎಕ್ಸಿಟ್) ಫಂಕ್ಷನ್ ಟೈಪ್ ಕೊಟ್ಟು ಆಟ್ ಎಕ್ಸಿಟ್ ಕಮ್ಯಾಂಡ್ ಮಾಡ್ಯೂಲ್ ಬರೆದರೆ ಮುಗಿಯಿತು.

ಚೆಕ್ ಯಾವಾಗ ಓಡಬೇಕು ಅನ್ನುವುದರಲ್ಲೂ ಒಮ್ಮೆ ಎಡವಿದೆ. ಆನ್ ರಿಕ್ವೆಸ್ಟ್ ಹಾಕಿದರೆ ಯೂಸರ್ ಫೀಲ್ಡನ್ನು ಬದಲಿಸಿದಾಗಲೇ ಮಾಡ್ಯೂಲ್ ಓಡುತ್ತದೆ. ಕೆಲಸ ಉಳಿಯುತ್ತದೆ ಅಂತ ಎಲ್ಲ ಕಡೆ ಅದನ್ನೇ ಹಾಕಿದೆ. ಹಳೇ ಆರ್ಡರ್ ಕಾಪಿ ಮಾಡಿದಾಗ ವ್ಯಾಲ್ಯೂಗಳನ್ನು ಪಿಬಿಒದಲ್ಲಿ, ಅಂದರೆ ಸ್ಕ್ರೀನ್ ಕಾಣುವ ಮೊದಲು ಓಡುವ ಭಾಗದಲ್ಲಿ, ನನ್ನ ಕೋಡೇ ತುಂಬುತ್ತಿತ್ತು. ಯೂಸರ್ ಏನನ್ನೂ ಮುಟ್ಟಲಿಲ್ಲ, ಚೆಕ್ಕೂ ಓಡಲಿಲ್ಲ. ಮುಚ್ಚಿಹೋದ ಪ್ಲಾಂಟ್ ಒಂದು ಆರಾಮಾಗಿ ಒಳಗೆ ನುಸುಳಿತು. ಆನ್ ಇನ್‌ಪುಟ್ ಹಾಗಲ್ಲ, ಫೀಲ್ಡ್ ಖಾಲಿ ಇಲ್ಲದಿದ್ದರೆ ಸಾಕು, ಓಡುತ್ತದೆ. ಈಗ ಪ್ಲಾಂಟ್ ಇರುವ ಚೈನ್‌ಗೆ ಆನ್ ಚೈನ್ ಇನ್‌ಪುಟ್ಟೇ.

ಕೊನೆಗೆ ಉಳಿದದ್ದು ಸಣ್ಣ ಸಣ್ಣ ಚೈನ್‌ಗಳು. ಮೆಟೀರಿಯಲ್ ಜೊತೆ ಪ್ಲಾಂಟ್ ಒಂದು, ಕ್ವಾಂಟಿಟಿ ಜೊತೆ ಯೂನಿಟ್ ಇನ್ನೊಂದು. ತಾರೀಖಿಗೆ ಒಂಟಿ ಸಾಲು ಸಾಕು ಅಂದುಕೊಂಡಿದ್ದೆ. ಆದರೆ ತಾರೀಖು ನೋಡುವುದು ಪ್ಲಾಂಟಿನ ಫ್ಯಾಕ್ಟರಿ ಕ್ಯಾಲೆಂಡರ್ ಪ್ರಕಾರ. ರಜಾ ದಿನ ಬಿದ್ದರೆ ತಾರೀಖು ಬಿಟ್ಟು ಪ್ಲಾಂಟನ್ನೇ ಬದಲಿಸಬೇಕು ಅನ್ನುವವರೂ ಇರುತ್ತಾರೆ. ಹಾಗಾಗಿ ಕೊನೆಯಲ್ಲಿ ತಾರೀಖು, ಪ್ಲಾಂಟ್ ಸೇರಿಸಿ ಮೂರನೇ ಚೈನ್ ಹಾಕಿದೆ. ಈಗ ಅಲ್ಲಿ ಪ್ಲಾಂಟ್ ಬದಲಿಸಿದರೆ ಪಿಎಐ ಮತ್ತೆ ಮೊದಲ ಚೈನ್‌ನಿಂದ ಶುರುವಾಗಿ ಮೆಟೀರಿಯಲನ್ನೂ ಇನ್ನೊಮ್ಮೆ ನೋಡಿಕೊಂಡು ಬರುತ್ತದೆ.