ಸಿಂಕ್‌ಥಿಂಗ್: ಮನೆಗೂ ವಿಭಾಗಕ್ಕೂ ಒಂದೇ ಫೋಲ್ಡರ್

ಪಿಎಚ್.ಡಿ. ಪ್ರಬಂಧ, ಪ್ರಯೋಗದ ದತ್ತಾಂಶ, ಚಿತ್ರಗಳು ಮನೆಯ ಲ್ಯಾಪ್‌ಟಾಪಿನಲ್ಲೂ ವಿಭಾಗದ ಕಂಪ್ಯೂಟರಿನಲ್ಲೂ ಒಂದೇ ಥರ ಇರಬೇಕೆನ್ನುವವರಿಗೆ ಸಿಂಕ್‌ಥಿಂಗ್ ಧಾರಾಳವಾಗಿ ಸಾಕು. ಉಚಿತ, ಮುಕ್ತ ತಂತ್ರಾಂಶ. ಫೈಲ್ ಯಾವ ಕಂಪನಿಯ ಸರ್ವರಿನಲ್ಲೂ ಉಳಿಯುವುದಿಲ್ಲ. ಹಾಗಾಗಿಯೇ ಎರಡೂ ಯಂತ್ರ ಒಂದೇ ಹೊತ್ತಿನಲ್ಲಿ ಆನ್ ಇರಬೇಕು. ಸಂಜೆ ವಿಭಾಗದ ಕಂಪ್ಯೂಟರ್ ಆಫ್ ಮಾಡಿ ಹೊರಡುವ ಅಭ್ಯಾಸವಿದ್ದರೆ ಸದಾ ಆನ್ ಇರುವ ಮೂರನೆಯದೊಂದು ಬೇಕು. ರಾಸ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿಗೆ ಹಾರ್ಡ್ ಡಿಸ್ಕ್ ಸಿಕ್ಕಿಸಿದರೂ ನಡೆಯುತ್ತದೆ.

ಅಳವಡಿಸುವುದು ಸುಲಭ. ಬ್ರೌಸರಿನಲ್ಲಿ 127.0.0.1:8384 ತೆರೆದು, ಒಂದು ಯಂತ್ರದ ಡಿವೈಸ್ ಐಡಿಯನ್ನು (ಅದರ ಗುರುತಿನ ಸಂಕೇತ) ಇನ್ನೊಂದಕ್ಕೆ ಕೊಟ್ಟು, ಫೋಲ್ಡರ್ ಹಂಚಿದರಾಯಿತು. ಗೋಳು ಶುರುವಾಗುವುದು ಕ್ಯಾಂಪಸ್ ನೆಟ್‌ವರ್ಕಿನಲ್ಲಿ. ಫೈರ್‌ವಾಲ್ 22000ನೇ ಪೋರ್ಟ್ ಬಿಡದಿದ್ದರೆ ಸಂಪರ್ಕ ರಿಲೇ (ನಡುವೆ ನಿಂತು ದಾಟಿಸುವ ಸರ್ವರ್) ಮೂಲಕ ಸುತ್ತಿ ಬರುತ್ತದೆ. ಎನ್‌ಕ್ರಿಪ್ಟ್ ಆಗಿರುವುದರಿಂದ ರಿಲೇ ನಡೆಸುವವರು ಓದಲಾರರು, ಆದರೆ ವೇಗ ಆಮೆಯದು. ಪರದೆಯಲ್ಲಿ 'ರಿಲೇ' ಎಂದು ಕಂಡರೆ ಮನೆಯಿಂದ ವಿಶ್ವವಿದ್ಯಾಲಯದ ವಿಪಿಎನ್‌ಗೆ ಸೇರಿ, ಡಿವೈಸಿನ ಅಡ್ವಾನ್ಸ್‌ಡ್ ಟ್ಯಾಬಿನಲ್ಲಿ ವಿಭಾಗದ ಯಂತ್ರದ ಒಳಗಿನ ಐಪಿಯನ್ನು ಪೋರ್ಟ್ ಸಮೇತ ಸೇರಿಸಿ. ಅಲ್ಲಿರುವ 'ಡೈನಮಿಕ್' ಅಳಿಸಬೇಡಿ, ಅಲ್ಪವಿರಾಮ ಹಾಕಿ ಮುಂದುವರಿಸಿ.

ಏನೇನು ಸೇರಿಸಬಾರದು ಎಂಬುದೇ ಮುಖ್ಯ. ಉಲ್ಲೇಖಗಳನ್ನು ಜೋಡಿಸಿಡುವ ಝೊಟೆರೊದ ಡೇಟಾ ಫೋಲ್ಡರ್ ಬೇಡವೇ ಬೇಡ: ಅದರೊಳಗಿರುವುದು ಎಸ್‌ಕ್ಯೂಲೈಟ್ ಡೇಟಾಬೇಸ್, ಬರೆಯುತ್ತಿರುವಾಗಲೇ ನಕಲಾದರೆ ಕೆಟ್ಟುಹೋಗಬಹುದು. ಗಿಟ್ ರೆಪೊಗಳನ್ನು (ಕೋಡಿನ ಬದಲಾವಣೆಗಳ ದಾಖಲೆ ಇಡುವ ಫೋಲ್ಡರ್‌ಗಳು) ಗಿಟ್‌ನಿಂದಲೇ ಕಳಿಸಿ. ಪ್ರಬಂಧದ ಪುಟ ಜೋಡಿಸುವ ಲೇಟೆಕ್‌ನ ಲಾಗ್‌ಗಳಂಥ ಕಸವನ್ನು ಇಗ್ನೋರ್ ಪ್ಯಾಟರ್ನ್ಸ್‌ನಲ್ಲಿ ಬರೆಯಿರಿ. ಈ ಪಟ್ಟಿ ತಾನಾಗಿ ಆಚೆ ಹೋಗುವುದಿಲ್ಲ, ಎರಡೂ ಕಡೆ ಬರೆಯಬೇಕು. ಲಿನಕ್ಸ್‌ನಲ್ಲಿ ಹೆಸರಿನೊಳಗೆ ಕೋಲನ್ ಇಟ್ಟ ಫೈಲ್ (ಸಮಯ 10:30 ಎಂದೆಲ್ಲ ಹೆಸರಿಡುವ ಉಪಕರಣಗಳಿವೆ) ವಿಂಡೋಸ್ ತಲುಪುವುದೇ ಇಲ್ಲ.

ಒಂದೇ ವರ್ಡ್ ಫೈಲನ್ನು ಎರಡು ಕಡೆಯೂ ತಿದ್ದಿದರೆ ಇದು ಬೆರೆಸಿ ಕೊಡುವುದಿಲ್ಲ. ಹಳೆಯ ಸಮಯದ್ದಕ್ಕೆ 'ಸಿಂಕ್-ಕಾನ್‌ಫ್ಲಿಕ್ಟ್' ಮತ್ತು ದಿನಾಂಕ ಅಂಟಿಸಿ ಪಕ್ಕದಲ್ಲಿಡುತ್ತದೆ, ಕೂತು ಹೋಲಿಸುವುದು ನಿಮ್ಮ ಪಾಡು.

ಇದನ್ನು ಬ್ಯಾಕಪ್ ಎಂದು ನಂಬಿ ಕೂರಬೇಡಿ. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ಫೈಲ್ ವರ್ಷನಿಂಗ್‌ನಲ್ಲಿ 'ಸ್ಟ್ಯಾಗರ್ಡ್' ಆರಿಸಿ, ಅದೂ ಎರಡೂ ಕಡೆ. ಏಕೆಂದರೆ ಆಚೆಯಿಂದ ಬಂದ ಬದಲಾವಣೆಗೆ ಮಾತ್ರ ಅದು ಹಳೆಯ ಪ್ರತಿ ಎತ್ತಿಡುತ್ತದೆ. ಮನೆಯಲ್ಲಿ ಅಳಿಸಿದ ಅಧ್ಯಾಯವನ್ನು ಹುಡುಕಬೇಕಾದದ್ದು ವಿಭಾಗದ ಕಂಪ್ಯೂಟರಿನಲ್ಲಿ.